ಮುಟ್ಟಿದರೂ ಸೇರದ ತಂತಿ

ಕೆಟ್ಟುಹೋದ ಇಯರ್‌ಫೋನಿನ ವೈರನ್ನು ಯಾವತ್ತಾದರೂ ಸುಲಿದು ನೋಡಿದ್ದೀರಾ? ಮೇಲಿನ ರಬ್ಬರ್ ತೆಗೆದರೆ ಒಳಗೆ ಕೂದಲೆಳೆಯಂಥ ತಂತಿಗಳು. ಒಂದು ಕಟ್ಟು ಕೆಂಪು, ಒಂದು ಹಸಿರು, ಇನ್ನೊಂದು ತಾಮ್ರದ್ದೇ ಬಣ್ಣ. ಎಳೆದರೆ ತುಂಡಾಗದಿರಲಿ ಅಂತ ನಡುವೆ ಒಂದಿಷ್ಟು ನೂಲು.

2009ರಲ್ಲಿ, ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ, ನನ್ನ ಇಯರ್‌ಫೋನಿನ ಪಿನ್ ಮುರಿಯಿತು. ಎಸ್.ಪಿ. ರೋಡಿಗೆ ಹೋಗಿ ಹೊಸ ಪಿನ್ ತಂದು, ಎಲೆಕ್ಟ್ರಾನಿಕ್ಸಿನಲ್ಲಿ ಬಿಇ ಮಾಡಿದವನ ಧಿಮಾಕಿನಿಂದ ಬೆಸುಗೆ ಹಾಕಲು ಕೂತೆ. ಸೋಲ್ಡರ್ ಅಂಟಲೇ ಇಲ್ಲ. ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗಾಗಿ ಉರುಳಿ ಬೀಳ್ತಿತ್ತು. ಐರನ್ ಸರಿಯಿಲ್ಲ ಅಂದೆ, ಸೋಲ್ಡರ್ ಡೂಪ್ಲಿಕೇಟ್ ಅಂದೆ. ಅರ್ಧ ರಾತ್ರಿ ಕಳೆದ ಮೇಲೆ ಹೊಳೆಯಿತು: ಆ ಕೆಂಪು, ಹಸಿರು ಬರೀ ಬಣ್ಣ ಅಲ್ಲ, ಅದೇ ಇನ್ಸುಲೇಷನ್. ಪ್ರತಿ ಎಳೆಯ ಮೈಮೇಲೂ ಕಣ್ಣಿಗೆ ಗೊತ್ತಾಗದಷ್ಟು ತೆಳುವಾದ ಎನಾಮಲ್ ಇರುತ್ತೆ. ಬರೀ ತಾಮ್ರದಂತೆ ಕಾಣುವ ಮೂರನೇ ಕಟ್ಟಿಗೂ ಇರುತ್ತೆ, ಬಣ್ಣ ಇಲ್ಲ ಅಷ್ಟೇ. ಇಲ್ಲದಿದ್ದರೆ ಒಂದೇ ರಬ್ಬರಿನೊಳಗೆ ಎಡಗಿವಿ ಬಲಗಿವಿ ಎರಡೂ ಶಾರ್ಟ್ ಆಗುತ್ತಿದ್ದವು. ಇಂಥ ಎರಡು ತಂತಿಗಳನ್ನು ಎಷ್ಟು ಬಿಗಿಯಾಗಿ ಹೊಸೆದರೂ ತಾಮ್ರಕ್ಕೆ ತಾಮ್ರ ಮುಟ್ಟುವುದಿಲ್ಲ.

ಅದು ಹೊಳೆದ ಮರುಗಳಿಗೆಯೇ ಹೊಟ್ಟೆಯಲ್ಲಿ ಏನೋ ಕದಡಿದ ಹಾಗಾಯಿತು. ಅಪ್ಪನ ರೇಡಿಯೊ ನೆನಪಾಗಿತ್ತು.

ನಮ್ಮೂರು ಹಿರೇಕೆರೂರಿನ ಕಡೆ. ಅಪ್ಪನ ಹತ್ತಿರ ಚರ್ಮದ ಚೀಲದ ಎರಡು ಬ್ಯಾಂಡಿನ ರೇಡಿಯೊ ಇತ್ತು. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರೆ ಮೊದಲು ಧಾರವಾಡ, 765 ಕಿಲೋಹರ್ಟ್ಸ್. ಬೇಸರವಾದರೆ ಮುಳ್ಳನ್ನು ಎಡಕ್ಕೆ ತಿರುಗಿಸಿ ಭದ್ರಾವತಿ, 675. ರೈತರ ಕಾರ್ಯಕ್ರಮ, ಪ್ರದೇಶ ಸಮಾಚಾರ, ಮಳೆ ಸುದ್ದಿ. ಪಕ್ಕದಲ್ಲಿ ನಾನು. ಅಪ್ಪ ಹೆಚ್ಚು ಮಾತಿನ ಮನುಷ್ಯ ಅಲ್ಲ. ನಾವಿಬ್ಬರೂ ಒಟ್ಟಿಗೆ ಕೂರುತ್ತಿದ್ದದ್ದು ಅದೊಂದೇ ಹೊತ್ತು.

1999ರಲ್ಲಿ ನಾನು ಎಂಟನೇ ಕ್ಲಾಸು. ಅಯಸ್ಕಾಂತದ ಹುಚ್ಚು. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ರೇಡಿಯೊ ಬಿಚ್ಚಿದೆ. ಒಳಗೆ ಪೆನ್ಸಿಲಿನಷ್ಟು ದಪ್ಪದ ಒಂದು ಕಪ್ಪು ಕೋಲು, ಮೇಲೆ ಸುತ್ತಿದ ತಂತಿ. ಅದು ಅಯಸ್ಕಾಂತವೇ ಅಂದುಕೊಂಡು ಎಳೆದೆ. ಅಯಸ್ಕಾಂತ ಅಲ್ಲ, ಫೆರೈಟ್. ಮೀಡಿಯಂ ವೇವ್‌ಗೆ ಅದೇ ಆಂಟೆನಾ. ತಂತಿ ಪಟ್ ಅಂತ ತುಂಡಾಯಿತು. ಎರಡು ತುದಿ ಹೊಸೆದು, ಸೆಲ್ಲೋಟೇಪ್ ಸುತ್ತಿ, ಮುಚ್ಚಳ ಹಾಕಿದೆ. ಕೈಗೆ ಸಿಕ್ಕದೆ ಎಲ್ಲೋ ಉರುಳಿದ ಒಂದು ಸ್ಕ್ರೂ ಬಿಟ್ಟರೆ ಎಲ್ಲ ಮೊದಲಿನ ಹಾಗೇ ಕಾಣುತ್ತಿತ್ತು.

ಅವತ್ತು ಸಂಜೆ ಭದ್ರಾವತಿ ಬರಲೇ ಇಲ್ಲ. ಧಾರವಾಡ ಬಾವಿಯೊಳಗಿಂದ ಮಾತಾಡಿದ ಹಾಗೆ ಕ್ಷೀಣವಾಗಿ, ಮೇಲೆ ಬರೀ ಸೊರ್ ಅನ್ನುವ ಸದ್ದು. ಅಪ್ಪ ಸೆಲ್ ಬದಲಿಸಿದ. ರೇಡಿಯೊ ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಸ್ಟೇಷನ್ನಿನವ್ರ ಪವರ್ ಕಮ್ಮಿ ಮಾಡ್ಯಾರ ಕಾಣ್ತೈತಿ" ಅಂದ. ನಾನು ಬಾಯಿ ಬಿಡಲಿಲ್ಲ. ಎಂಟು ದಿನ ಹಾಗೇ ಒದ್ದಾಡಿ ಕೊನೆಗೆ ಅದನ್ನ ಅಟ್ಟಕ್ಕೆ ಹಾಕಿದ. ಸಂಜೆ ಸುದ್ದಿ ಕೇಳಲು ಪಕ್ಕದ ಮನೆಗೆ ಹೋಗತೊಡಗಿದ. ಕಟ್ಟೆ ಖಾಲಿಯಾಯಿತು.

ಕಾರಣ ಗೊತ್ತಾದ ಮೇಲೂ ಹನ್ನೊಂದು ವರ್ಷ ನಾನೇನೂ ಮಾಡಲಿಲ್ಲ. ಹಬ್ಬಕ್ಕೆ ಹೋದಾಗೆಲ್ಲ ಅಟ್ಟದ ಕಡೆ ನೋಡಿ ವಾಪಸ್ ಬರುತ್ತಿದ್ದೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಊರಿಗೆ ಹೋಗುವಾಗ ಸೋಲ್ಡರಿಂಗ್ ಐರನ್ನೂ ಬ್ಯಾಗಿಗೆ ಹಾಕಿದೆ.

ಮುಚ್ಚಳ ತೆಗೆದರೆ ನನ್ನ ಸೆಲ್ಲೋಟೇಪ್ ಹಳದಿಯಾಗಿ ಹಾಗೇ ಇತ್ತು. ಅದನ್ನ ಬಿಡಿಸಿ ತುದಿಯನ್ನು ಎಣಿಸಿದೆ. ರೇಷ್ಮೆಯಂಥ ನೂಲಿನ ಹೊದಿಕೆಯೊಳಗೆ ಏಳು ಎಳೆ, ಪ್ರತಿಯೊಂದಕ್ಕೂ ಬೇರೆ ಬೇರೆ ಎನಾಮಲ್. ಇದಕ್ಕೆ ಲಿಟ್ಜ್ ವೈರ್ ಅಂತಾರೆ. ರೇಡಿಯೊ ಫ್ರೀಕ್ವೆನ್ಸಿಯಲ್ಲಿ ಕರೆಂಟು ತಂತಿಯ ಹೊರಮೈಯಲ್ಲಷ್ಟೇ ಓಡಾಡುತ್ತೆ. 765 ಕಿಲೋಹರ್ಟ್ಸಿಗೆ ತಾಮ್ರದಲ್ಲಿ ಅದು ಇಳಿಯುವ ಆಳ ಸುಮಾರು 0.075 ಮಿಲಿಮೀಟರ್. ಒಂದು ದಪ್ಪ ತಂತಿಯ ನಡುಭಾಗ ದಂಡ. ಅದಕ್ಕೇ ಏಳು ಸಣ್ಣ ತಂತಿ. ಕಾಲೇಜಿನಲ್ಲಿ ಇದರ ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸೂ ತಗೊಂಡಿದ್ದೆ.

ಈಗ ಎನಾಮಲ್ ತೆಗೆಯೋದು. ನಮ್ಮೂರ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬ್ಲೇಡಿನಿಂದ ಕೆರೆಯುವುದನ್ನು ನೋಡಿದ್ದೆ. ಪಂಪ್‌ಸೆಟ್ಟಿನ ದಪ್ಪ ತಂತಿಗೆ ಅದೇ ಸರಿ. ಅದರ ಎನಾಮಲ್ ಕಾವು ತಡೆಯುವ ಜಾತಿ, ಐರನ್ನಿಗೆ ಬಗ್ಗೋದಿಲ್ಲ. ಈ ಎಳೆಗೆ ಬ್ಲೇಡ್ ತಾಗಿಸಿದರೆ ಎನಾಮಲ್ ಜೊತೆ ತಂತಿಯೂ ಹೋಗುತ್ತೆ. ಬೆಂಕಿಪೊಟ್ಟಣದ ಕಡ್ಡಿ ಗೀರಿ ಸುಟ್ಟರೆ ತಾಮ್ರ ಕಪ್ಪಾಗಿ, ಮುಟ್ಟಿದರೆ ಮುರಿಯುತ್ತೆ. ಇಂಥ ಸಣ್ಣ ತಂತಿಗೆ ಸಾಮಾನ್ಯವಾಗಿ ಹಾಕುವುದು ಪಾಲಿಯುರೆಥೇನ್. ಅದು ಸೋಲ್ಡರಿನ ಬಿಸಿಗೇ ಸುಟ್ಟುಹೋಗುತ್ತೆ. ಐರನ್ನನ್ನು 380 ಡಿಗ್ರಿಗೆ ಇಟ್ಟು, ತುದಿಯಲ್ಲಿ ಸೋಲ್ಡರಿನ ದೊಡ್ಡ ಹನಿ ನಿಲ್ಲಿಸಿ, ತಂತಿಯ ಕೊನೆಯನ್ನು ಅದರೊಳಗೆ ಅದ್ದಿ ಹಿಡಿಯಬೇಕು. ಮೊದಲು ಏನೂ ಆಗೋದಿಲ್ಲ. ಎರಡು ಮೂರು ಸೆಕೆಂಡಿಗೆ ಸಣ್ಣ ಹೊಗೆ, ಆಮೇಲೆ ಕೊನೆಯಿಂದ ಬೆಳ್ಳಿಬಣ್ಣ ಮೆಲ್ಲಗೆ ಮೇಲೇರುತ್ತೆ. ಆ ಹೊಗೆ ಒಳ್ಳೆಯದಲ್ಲ. ಮಾಡುವವರು ಕಿಟಕಿ ತೆಗೆದು, ಫ್ಯಾನ್ ಹಾಕಿಕೊಂಡು, ಮುಖ ದೂರ ಇಟ್ಟುಕೊಳ್ಳಿ.

ಎರಡೂ ತುದಿ ಸೇರಿಸಿ ಮಲ್ಟಿಮೀಟರ್ ಹಿಡಿದೆ. ಬೀಪ್ ಅಂತು. ಗೆದ್ದೆ ಅಂದುಕೊಂಡು ಸೆಲ್ ಹಾಕಿದರೆ ಧಾರವಾಡ ಬಂತು, ಭದ್ರಾವತಿ ಇನ್ನೂ ಗೊಣಗುತ್ತಿತ್ತು. ನಮ್ಮ ಕೆಲಸದಲ್ಲೂ ಹೀಗೇ, ಟೆಸ್ಟ್ ಎಲ್ಲ ಪಾಸು, ಕಸ್ಟಮರ್ ಮಾತ್ರ ಅಳ್ತಾ ಇರ್ತಾನೆ. ಏಳರಲ್ಲಿ ಒಂದೇ ಎಳೆ ಸೇರಿದರೂ ಮೀಟರ್ ಬೀಪ್ ಅನ್ನುತ್ತೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ನಾಲ್ಕು ಎಳೆ ಸೋಲ್ಡರಿನ ಮಧ್ಯೆಯೇ ಕಪ್ಪಗೆ ನಿಂತಿದ್ದವು. ಮತ್ತೆ ಬಿಚ್ಚಿ, ಎಳೆಗಳನ್ನು ಬೀಸಣಿಗೆಯಂತೆ ಹರಡಿ, ಒಂದೊಂದಕ್ಕೂ ಬೇರೆಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಹೊಸೆದು ಸೇರಿಸಿದೆ. ಕಾಯಿಲ್ ಕೋಲಿನ ಮೇಲೆ ಸರಿಯದ ಹಾಗೆ ಮೇಣದಿಂದ ಕೂರಿಸಿರುತ್ತಾರೆ. ಅದೃಷ್ಟಕ್ಕೆ ಅದನ್ನ ಹುಡುಗಾಟದಲ್ಲೂ ಅಲುಗಿಸಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಅಪ್ಪನ ಪಕ್ಕ ರೇಡಿಯೊ ಇಟ್ಟೆ. ಅಪ್ಪ ಕಿವಿ ಹಿಂಡಿ ಆನ್ ಮಾಡಿದ. ಧಾರವಾಡ ಗಟ್ಟಿಯಾಗಿ ಬಂತು. ಮುಳ್ಳನ್ನು ಎಡಕ್ಕೆ ತಿರುಗಿಸಿದ. ಭದ್ರಾವತಿಯೂ ಬಂತು. ಬೆರಳಿಗೆ ಇಪ್ಪತ್ತೊಂದು ವರ್ಷವಾದರೂ ಜಾಗ ಮರೆತಿರಲಿಲ್ಲ.

"ಅಪ್ಪಾ, ಅವತ್ತ ಇದನ್ನ ಕೆಡಿಸಿದ್ದು ನಾನ" ಅಂದೆ.

"ಗೊತ್ತೈತಿ. ಹಿಂದ ನಾಕ ಸ್ಕ್ರೂ ಇರ್ತಿದ್ವು. ಮೂರ ಇದ್ವು."

"ಮತ್ತ ಯಾಕ ಕೇಳಲಿಲ್ಲ?"

ಅಪ್ಪ ರೇಡಿಯೊದಿಂದ ಕಣ್ಣು ತೆಗೆಯಲಿಲ್ಲ. "ನೀನ ಹೇಳ್ತಿ ಅಂತ ನೋಡಿದ್ನಿ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಸಾರಿ ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈ ಎತ್ತಿ ತಡೆದ.

"ಸುಮ್ನ ಕುಂದ್ರು. ಸುದ್ದಿ ಶುರು ಆತು."

ಕೂತೆ.