ಅಟಕದ ಕೋಟೆ

ಲಾಹೋರಿನಿಂದ ಪೇಶಾವರಕ್ಕೆ ಹೋಗುವ ಹಳೆಯ ರಾಜಮಾರ್ಗವು ಸಿಂಧೂನದಿಯನ್ನು ಸಮೀಪಿಸುತ್ತಲೇ ಪ್ರವಾಸಿಯ ಕಣ್ಣಿಗೆ ಅಟಕದ ಕೋಟೆಯು ಗೋಚರವಾಗುವುದು. ಅದು ಪಾಕಿಸ್ತಾನದ ಸೈನ್ಯದ ವಶದಲ್ಲಿರುವುದರಿಂದ ಜನಸಾಮಾನ್ಯರಿಗೆ ಒಳಗೆ ಪ್ರವೇಶವಿಲ್ಲ. ಗುಡ್ಡದಿಂದ ನದಿಯ ಅಂಚಿನತ್ತ ಇಳಿದಿರುವ ಗೋಡೆಯನ್ನೂ ಬುರುಜುಗಳನ್ನೂ ಹೊರಗಿನಿಂದಲೇ ನೋಡಿ ತೃಪ್ತಿಪಡಬೇಕು. ಇಲ್ಲಿ ಕಾಬೂಲ್ ನದಿಯು ಬಂದು ಸಿಂಧುವನ್ನು ಕೂಡುತ್ತದೆ. ಒಂದರ ಕೆಸರು ನೀರೂ ಇನ್ನೊಂದರ ನೀಲಿ ನೀರೂ ಸ್ವಲ್ಪ ದೂರ ಬೆರೆಯದೆ ಜೊತೆಜೊತೆಯಾಗಿ ಹರಿಯುವುವು.

1581ರಲ್ಲಿ ಕಾಬೂಲಿನ ಒಡೆಯನಾದ ಮಿರ್ಜಾ ಹಕೀಮನು ಪಂಜಾಬಿನ ಮೇಲೆ ಏರಿಬಂದನು. ಅವನು ಬೇರೆ ಯಾರೂ ಅಲ್ಲ. ಅಕ್ಬರನ ಮಲತಾಯಿಯ ಮಗ. ತಮ್ಮನನ್ನು ಅಡಗಿಸಲು ಹೊರಟ ಅಕ್ಬರನು ಆ ವರ್ಷವೇ ಈ ಕಡವಿನಲ್ಲಿ ಕೋಟೆಗೆ ಅಸ್ತಿಭಾರವಿಡಿಸಿದನು. ಪೂರ್ವದ ತುದಿಯ ಕಟಕ ಬನಾರಸಕ್ಕೆ ಜೋಡಿಯಾಗಿ ಇದಕ್ಕೆ ಅಟಕ ಬನಾರಸವೆಂದು ಹೆಸರಾಯಿತು. ಹೆಸರಿನ ಧ್ವನಿಯೇ ತಡೆಯನ್ನು ಸೂಚಿಸುವುದು. ನಾವು ಆಡುವ ‘ಅಟಕಾಯಿಸು’ ಎಂಬ ಮಾತಿನಲ್ಲಿಯೂ ಅದೇ ಶಬ್ದವುಂಟು.

ಆದರೆ ಈ ಕೋಟೆಯು ಅಟಕಾಯಿಸಿದುದು ಯಾರನ್ನು? 1739ರಲ್ಲಿ ದೆಹಲಿಯನ್ನು ಸೂರೆಗೊಂಡ ನಾದಿರ್ ಶಹನು ಇಲ್ಲಿಯೇ ದೋಣಿಗಳ ಸೇತುವೆಯಿಂದ ದಾಟಿಬಂದನು. 1758ರಲ್ಲಿ ಮರಾಠರ ಸೈನ್ಯವು ಈ ದಡವನ್ನು ಮುಟ್ಟಿತು. ‘ಅಟಕೇಪಾರ ಝೇಂಡಾ’ ಎಂಬ ಮರಾಠಿ ನುಡಿಯು ಉತ್ತರ ಕರ್ನಾಟಕದವರಿಗೂ ಅಪರಿಚಿತವಲ್ಲ. ನುಡಿಯು ಇಂದಿಗೂ ಬಾಳಿದೆ. ಆ ಅಧಿಕಾರವಾದರೋ ಮರುವರ್ಷವೇ ಅಬ್ದಾಲಿಯ ದಂಡಿನ ಮುಂದೆ ಅಳಿಯಿತು. 1813ರಲ್ಲಿ ಕೋಟೆಯ ಅಧಿಪತಿ ಜಹಾಂದಾದ ಖಾನನು ಜಹಗೀರಿಗೆ ಒಪ್ಪಿ ಇದನ್ನು ರಣಜಿತ್ ಸಿಂಹನಿಗೆ ಬಿಟ್ಟುಕೊಟ್ಟನು. 1849ರಲ್ಲಿ ಪಂಜಾಬಿನೊಡನೆ ಇದೂ ಇಂಗ್ಲಿಷರ ಪಾಲಾಯಿತು. ಕಾಯುವವರ ಮನಸ್ಸು ಸಡಿಲವಾದ ಮೇಲೆ ಕಲ್ಲಿನ ಗೋಡೆಯು ಮಾಡುವುದೇನು? ತಡೆಯಲೆಂದು ಹುಟ್ಟಿದ ಕೋಟೆಯು ದಾಟಿದವರಿಂದಲೇ ಪ್ರಸಿದ್ಧವಾಯಿತು.

ದಾಟಿದವರನ್ನು ಚರಿತ್ರೆಯು ಹೆಸರಿಟ್ಟು ಕರೆಯುವುದು, ದಾಟಿಸಿದವರನ್ನು ಕರೆಯದು. ಕಡವಿನ ಕೆಲಸಕ್ಕಾಗಿ ಅಕ್ಬರನು ಅಂಬಿಗರನ್ನು ತರಿಸಿ ಕೋಟೆಯ ಬಳಿ ನೆಲೆಗೊಳಿಸಿದನೆಂದು ಪ್ರತೀತಿ. ಸುಳಿಗಳಿಗೂ ನೀರಿನೊಳಗಣ ಕರಿಯ ಬಂಡೆಗಳಿಗೂ ಹೆಸರಾದ ಈ ಹೊಳೆಯಲ್ಲಿ ಹುಟ್ಟುಹಾಕುವುದು ಪ್ರಾಣವನ್ನು ಪಣವಿಟ್ಟು ಮಾಡುವ ಕೆಲಸ. ರಾಜ್ಯಗಳು ಬದಲಾದರೂ ಆ ಕೆಲಸವು ಬದಲಾಗಲಿಲ್ಲ. ಗೆದ್ದು ಬರುವವನೂ ಸೋತು ಹೋಗುವವನೂ ಏರಬೇಕಾದುದು ಅದೇ ದೋಣಿಯನ್ನು. 1883ರಲ್ಲಿ ಕಬ್ಬಿಣದ ಸೇತುವೆಯಾಗಿ ರೈಲು ದಾಟಿದ ಮೇಲೆ ಆ ಕಡವಿನ ಹಿರಿಮೆಯು ಮುಗಿಯಿತು.

ಕೋಟೆಯ ಬಳಿಯ ಅವರ ಕೇರಿಗೆ ಮಲ್ಲಾಹಿ ಟೋಲಾ, ಎಂದರೆ ಅಂಬಿಗರ ಕೇರಿ, ಎಂಬ ಹೆಸರು. ಅಟಕದ ಕಥೆಯನ್ನು ಹೇಳುವವರು ಅರಸರ ಹೆಸರುಗಳೊಡನೆ ಈ ಕೇರಿಯ ಹೆಸರನ್ನೂ ಸೇರಿಸಿ ಹೇಳುವುದು ನ್ಯಾಯ.