ಎಣ್ಣೆಯ ಬಲ, ವಿದ್ಯುತ್ತಿನ ಬಲ

ಹೊಸದೊಂದು ಸಾಧನವು ಬಳಕೆಗೆ ಬಂದೊಡನೆ ಹಳೆಯ ಸಾಧನದ ಆಯುಷ್ಯವು ತೀರಿತೆಂದು ತೀರ್ಮಾನಿಸಿಬಿಡುವುದು ಮನುಷ್ಯನಿಗೆ ಸಹಜವಾದ ಆತುರ. ಆದರೆ ಮಿಕ್ಸರು ಬಂದು ಎಷ್ಟೋ ವರ್ಷಗಳಾದ ಮೇಲೂ ಕುಟ್ಟುವ ಕೆಲಸಕ್ಕೆ ಒರಳನ್ನೇ ಹುಡುಕುವ ಗೃಹಿಣಿಯರು ನಮ್ಮಲ್ಲಿ ಇನ್ನೂ ಇರುವರು. ಕೆಲಸವನ್ನು ನೋಡಿ ಸಾಧನವನ್ನು ಆರಿಸುವ ಈ ವಿವೇಕವು ಅಡುಗೆಮನೆಗೆ ಎಷ್ಟು ಅಗತ್ಯವೋ ಕಾರ್ಖಾನೆಗೂ ಅಷ್ಟೇ ಅಗತ್ಯವಾದುದು.

ಭಾರವನ್ನು ಎತ್ತುವುದು, ಲೋಹವನ್ನು ಒತ್ತುವುದು, ಯಂತ್ರದ ಅಂಗಗಳನ್ನು ಹಿಂದೆ ಮುಂದೆ ಸರಿಸುವುದು, ಈ ಕಾರ್ಯಗಳನ್ನು ದ್ರವದ ಒತ್ತಡದಿಂದ ನಡೆಯಿಸುವ ಪದ್ಧತಿಗೆ ಹೈಡ್ರಾಲಿಕ್ ಪದ್ಧತಿಯೆಂದು ಹೆಸರು. ಈಗ ಇವುಗಳಲ್ಲಿ ಹಲವು ಕೆಲಸಗಳನ್ನು ವಿದ್ಯುತ್ ಮೋಟಾರೇ ನೇರವಾಗಿ ಮಾಡತೊಡಗಿದೆ. ಅದುಕಾರಣ ಎಣ್ಣೆಯ ಯಂತ್ರಗಳ ಕಾಲವು ಮುಗಿಯುತ್ತ ಬಂದಿತೆಂದು ಹೇಳುವವರು ಹೆಚ್ಚುತ್ತಿರುವರು. ಬೆಳಗಾವಿಯವರಾದ ನಮಗೆ ಇದು ಬರಿಯ ಚರ್ಚೆಯ ವಿಷಯವಲ್ಲ, ಅನ್ನದ ವಿಷಯ. ನಗರದಿಂದ ಖಾನಾಪುರದ ಕಡೆಗೆ ಹೊರಟರೆ ಮೊದಲು ಉದ್ಯಮಬಾಗ, ಅನಂತರ ಮಚ್ಛೆ. ಎರಕದ ಕಾರ್ಖಾನೆಗಳು, ಯಂತ್ರದ ಬಿಡಿಭಾಗಗಳನ್ನು ಕಡೆಯುವ ಶಾಲೆಗಳು ಇಲ್ಲಿ ಸಾಲುಗಟ್ಟಿ ನಿಂತಿವೆ. 1981ರಲ್ಲಿ ಸುರೇಶ ಹುಂದ್ರೆಯವರು ಕಟ್ಟಿದ ಪಾಲಿಹೈಡ್ರಾನ್ ಸಂಸ್ಥೆಯೂ ಈ ದಾರಿಯದೇ. ಎಣ್ಣೆಯನ್ನು ಒತ್ತುವ ಪಂಪುಗಳೂ ಅದನ್ನು ನಿಯಮಿಸುವ ಕವಾಟಗಳೂ ತಯಾರಾಗುವ ಊರೆಂದು ಬೆಳಗಾವಿಗೆ ಹೆಸರು ಬಂದುದು ಇಂತಹ ಸಂಸ್ಥೆಗಳಿಂದ.

ಎರಡೂ ಪದ್ಧತಿಗಳ ಮರ್ಮವನ್ನು ಮನೆಯ ವಸ್ತುಗಳಿಂದಲೇ ತಿಳಿಯಬಹುದು. ಸಣ್ಣದೊಂದು, ದೊಡ್ಡದೊಂದು ಪಿಚಕಾರಿಯನ್ನು ತೆಗೆದುಕೊಂಡು, ನೀರು ತುಂಬಿ, ಎರಡರ ಬಾಯಿಗಳನ್ನೂ ಒಂದು ಕೊಳವೆಯಿಂದ ಕೂಡಿಸಿರಿ. ಸಣ್ಣದರ ಹಿಡಿಯನ್ನು ಒತ್ತಿದರೆ ದೊಡ್ಡದರ ಹಿಡಿಯು ಸ್ವಲ್ಪವೇ ಮೇಲೇಳುವುದು, ಆದರೆ ಬಹಳ ಬಲದಿಂದ ಏಳುವುದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಈ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ನಿರೂಪಿಸಿದನು. ಇಂಗ್ಲೆಂಡಿನ ಜೋಸೆಫ್ ಬ್ರಾಮನು 1795ರಲ್ಲಿ ಇದೇ ತತ್ತ್ವದ ಮೇಲೆ ಒತ್ತುಯಂತ್ರವನ್ನು ರಚಿಸಿ ಅದರ ಹಕ್ಕುಪತ್ರವನ್ನು ಪಡೆದನು. ಇಂದು ಒಂದು ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ಒತ್ತಡವೆಂಬುದು ಸಾಮಾನ್ಯ. 10 ಸೆಂಟಿಮೀಟರ್ ಅಗಲದ ಕೊಂತವೊಂದು, ಎಂದರೆ ಊಟದ ಬಟ್ಟಲಿನಷ್ಟು ಬಾಯಿಯುಳ್ಳದ್ದು, ಈ ಒತ್ತಡದಿಂದ 15 ಟನ್ನಿಗೂ ಮಿಕ್ಕ ಬಲವನ್ನು ಕೊಡುವುದು.

ವಿದ್ಯುತ್ತಿನ ಪದ್ಧತಿಯಾದರೋ ತಿರುಪಿನ ಚಕ್ಕುಲಿಯ ಒರಳನ್ನು ಹೋಲುವುದು. ಹಿಡಿಯನ್ನು ತಿರುಗಿಸಿದಷ್ಟೇ ತಿರುಪು ಕೆಳಗಿಳಿಯುವುದು, ಇಳಿದಷ್ಟೇ ಹಿಟ್ಟು ಹೊರಬರುವುದು. ಕೈಗೆ ಬದಲಾಗಿ ಮೋಟಾರು ತಿರುಪನ್ನು ತಿರುಗಿಸಿದರೆ, ಎಷ್ಟು ಸುತ್ತು ತಿರುಗಿತೆಂಬ ಲೆಕ್ಕದಿಂದ ಕೂದಲೆಳೆಗಿಂತಲೂ ಸೂಕ್ಷ್ಮವಾಗಿ ಯಂತ್ರವನ್ನು ನಿಲ್ಲಿಸಬಹುದು. ಕೆಲಸವಿಲ್ಲದಾಗ ಮೋಟಾರು ಸುಮ್ಮನಿರುವುದರಿಂದ ವಿದ್ಯುತ್ತಿನ ಖರ್ಚೂ ಕಡಿಮೆ. ಸೋರುವ ಎಣ್ಣೆಯ ಕೊಳೆಯೂ ಇಲ್ಲ. ಹಳೆಯ ಕ್ರಮದ ಎಣ್ಣೆಯ ಯಂತ್ರದಲ್ಲಿ ಪಂಪು ಎಡೆಬಿಡದೆ ತಿರುಗುತ್ತಲೇ ಇರುವುದು. ಬೇಡವಾದ ಎಣ್ಣೆಯು ಕವಾಟದ ಮೂಲಕ ತೊಟ್ಟಿಗೆ ಮರಳುವಾಗ ಅದರ ಶಕ್ತಿಯೆಲ್ಲ ಕಾವಾಗಿ ವ್ಯರ್ಥವಾಗುವುದು. ವಿದ್ಯುತ್ತಿನ ಪಕ್ಷದವರು ಎತ್ತುವ ಈ ಆಕ್ಷೇಪವು ನ್ಯಾಯವಾದುದೇ.

ಆದರೆ ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಮೇಲಿಂದ ಮೇಲೆ ಬೀಳುವ ಪೆಟ್ಟಿಗೆ ತಿರುಪಿನ ಸೂಕ್ಷ್ಮವಾದ ಹಲ್ಲುಗಳು ಸವೆಯುವವು. ಎಣ್ಣೆಯ ಯಂತ್ರದಲ್ಲಿ ಹೊರೆಯು ಮಿತಿಮೀರಿದರೆ ರಕ್ಷಣೆಯ ಕವಾಟವು ತಾನೇ ತೆರೆದು ಯಂತ್ರವನ್ನು ಉಳಿಸುವುದು. ನೂರಾರು ಟನ್ ಬಲವು ಚಿಕ್ಕ ಸ್ಥಳದಲ್ಲಿ ಬೇಕಾದಲ್ಲಿ ಎಣ್ಣೆಗೆ ಸಮನಾದುದು ಸುಲಭವಾಗಿ ದೊರೆಯದು. ನಮ್ಮ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳಿಗಾಗಿ ಕಾದ ಲೋಹವನ್ನು ಅಚ್ಚಿನಲ್ಲಿ ಒತ್ತುವ 10,000 ಟನ್ನಿನ ಯಂತ್ರವು ಹೈಡ್ರಾಲಿಕ್ ಯಂತ್ರವೇ ಆಗಿದೆ.

ಖಾನಾಪುರದ ಮಣ್ಣಿನ ಉದ್ಯೋಗವನ್ನು ನೋಡಿದರೆ ಈ ವಿಭಾಗವು ಇನ್ನೂ ಸ್ಪಷ್ಟವಾಗುವುದು. ಅಲ್ಲಿಯ ಜೇಡಿಯು ಮಡಕೆ, ಹಂಚು, ಇಟ್ಟಿಗೆಗಳಿಗೆ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣ ಸಂಸ್ಥೆಯೂ ಅಲ್ಲಿದೆ. ಕುಂಬಾರನ ಚಕ್ರಕ್ಕೆ ಬೇಕಾದುದು ಒಂದೇ ಸಮನೆ ತಿರುಗುವಿಕೆ. ಅದಕ್ಕೆ ಸಣ್ಣ ಮೋಟಾರಿಗಿಂತ ಉತ್ತಮವಾದ ಸೇವಕನಿಲ್ಲ. ಆದರೆ ಅದೇ ಮಣ್ಣನ್ನು ಅಚ್ಚಿನಲ್ಲಿಟ್ಟು ಗಟ್ಟಿಯಾಗಿ ಅದುಮಬೇಕಾದಾಗ ಎಣ್ಣೆಯ ಒತ್ತಡವು ತನ್ನ ಯೋಗ್ಯತೆಯನ್ನು ತೋರಿಸುವುದು. ಸಕ್ಕರೆಯ ಕಾರ್ಖಾನೆಯಲ್ಲಿ ಇವೆರಡೂ ಒಂದೇ ಯಂತ್ರದಲ್ಲಿ ಕೂಡಿರುವುದನ್ನು ಕಾಣಬಹುದು. ಕಬ್ಬನ್ನು ಅರೆಯುವ ಉರುಳೆಗಳನ್ನು ಈಗ ಅನೇಕ ಕಡೆಗಳಲ್ಲಿ ವಿದ್ಯುತ್ ಮೋಟಾರು ತಿರುಗಿಸುವುದು. ಮೇಲಿನ ಉರುಳೆಯನ್ನು ಕಬ್ಬಿನ ಮೇಲೆ ಒತ್ತಿಹಿಡಿಯುವುದು ಎಣ್ಣೆಯ ಬಲ. ಕಬ್ಬಿನ ಪದರವು ಒಮ್ಮೆ ದಪ್ಪವಾಗಿ ಬಂದರೆ ಉರುಳೆಯು ಸ್ವಲ್ಪ ಮೇಲೆದ್ದು, ಮತ್ತೆ ತಾನೇ ಕೆಳಗಿಳಿಯುವುದು.

ಹೊರಗಿನ ಲೋಕದ ಅನುಭವವೂ ಇದನ್ನೇ ಹೇಳುವುದು. ಲಂಡನ್ನಿನ ಟವರ್ ಸೇತುವೆಯು 1894ರಲ್ಲಿ ತೆರೆದಾಗ ಉಗಿಯಂತ್ರಗಳು ನೀರನ್ನು ಒತ್ತಿ ಅದರ ರೆಕ್ಕೆಗಳನ್ನು ಎತ್ತುತ್ತಿದ್ದವು. 1976ರಲ್ಲಿ ಉಗಿಗೆ ಬದಲಾಗಿ ವಿದ್ಯುತ್ತು, ನೀರಿಗೆ ಬದಲಾಗಿ ಎಣ್ಣೆ ಬಂದಿತು. ದ್ರವದ ಒತ್ತಡವು ಮಾತ್ರ ಉಳಿಯಿತು. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ380 ವಿಮಾನದ ರೆಕ್ಕೆಬಾಲಗಳ ಫಲಕಗಳನ್ನು ಅಲುಗಿಸಲು ಎರಡು ಎಣ್ಣೆಯ ಮತ್ತು ಎರಡು ವಿದ್ಯುತ್ತಿನ ವ್ಯವಸ್ಥೆಗಳನ್ನು ಇರಿಸಿದರು, ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು. ಅಷ್ಟು ದೂರವೇಕೆ? ನಮ್ಮ ಬೀದಿಗಳಲ್ಲಿ ಓಡಾಡುವ ವಿದ್ಯುತ್ ಕಾರು ಓಡುವುದು ಬ್ಯಾಟರಿಯಿಂದ. ಚಾಲಕನು ಬ್ರೇಕನ್ನು ತುಳಿದಾಗ ಗಾಲಿಯನ್ನು ಬಿಗಿಹಿಡಿಯುವುದು ಕೊಳವೆಯೊಳಗಿನ ದ್ರವವೇ.

ನಮ್ಮ ನೆರೆಮನೆಯ ತಾಯಿಯೊಬ್ಬರ ಮಗನು ಐ.ಟಿ.ಐ. ಮುಗಿಸಿ ಹೈಡ್ರಾಲಿಕ್ ಕಾರ್ಖಾನೆಯೊಂದಕ್ಕೆ ಸೇರಲು ಹೊರಟಾಗ, “ಎಲ್ಲವೂ ವಿದ್ಯುತ್ತಿನದಾಗುತ್ತಿರುವಾಗ ಈ ಎಣ್ಣೆಯ ವಿದ್ಯೆಯು ಇವನ ಕೊನೆಯವರೆಗೆ ಅನ್ನ ಕೊಟ್ಟೀತೇ?” ಎಂದು ಅವರು ನಮ್ಮನ್ನು ಕೇಳಿದರು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಆದುದರಿಂದ ಆ ಪ್ರಶ್ನೆಯನ್ನು ನಾವು ಹಗುರಾಗಿ ತೆಗೆದುಕೊಳ್ಳಲಿಲ್ಲ. ಎಣ್ಣೆಯ ವಿದ್ಯೆಯೊಂದನ್ನೇ ಕಲಿತು ಅಲ್ಲಿಗೇ ನಿಂತರೆ ಸಾಲದೆಂದೂ, ಹಗುರವಾದ ಸೂಕ್ಷ್ಮ ಕೆಲಸಗಳು ದಿನದಿನಕ್ಕೆ ಮೋಟಾರಿನ ಪಾಲಾಗುತ್ತಿರುವುದು ನಿಜವೆಂದೂ ಹೇಳಿದೆವು. ಆದರೆ ಈಗಿನ ಹೊಸ ಯಂತ್ರಗಳಲ್ಲಿ ಬೇಕಾದಾಗ ಬೇಕಾದಷ್ಟೇ ವೇಗದಿಂದ ತಿರುಗುವ ಮೋಟಾರೇ ಪಂಪನ್ನು ನಡೆಯಿಸುವುದು. ಹಿಂದೆ ಕಾವಾಗಿ ಹೋಗುತ್ತಿದ್ದ ಶಕ್ತಿಯ ಬಹುಭಾಗವು ಇದರಿಂದ ಉಳಿಯುವುದು. ಇಂತಹ ಯಂತ್ರವು ನಿಂತುಹೋದಾಗ ದೋಷವು ತಂತಿಯಲ್ಲಿದೆಯೋ ಕೊಳವೆಯಲ್ಲಿದೆಯೋ ಎಂದು ಹೇಳಬಲ್ಲವನಿಗೆ ಕೆಲಸದ ಕೊರತೆಯಿರದು. ಹುಡುಗನು ಈಗ ಹಗಲು ಕವಾಟಗಳನ್ನು ಜೋಡಿಸಿ, ಸಂಜೆ ವಿದ್ಯುತ್ ನಿಯಂತ್ರಣದ ಪಾಠಕ್ಕೆ ಹೋಗುತ್ತಿರುವನು.

ಕೊನೆಯದಾಗಿ, ಟ್ರಾಕ್ಟರು ಅಥವಾ ಎತ್ತುವ ಯಂತ್ರವುಳ್ಳ ಗೃಹಸ್ಥರಿಗೆ ಎರಡು ಮಾತು. ಒತ್ತಡದಲ್ಲಿರುವ ಕೊಳವೆಯು ಸೂಜಿಯ ಮೊನೆಯಷ್ಟು ತೂತಾದರೂ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಸೋರುವ ಸ್ಥಳವನ್ನು ಎಂದಿಗೂ ಬೆರಳಿನಿಂದ ಹುಡುಕದೆ ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಬೇಕು. ಗಾಯವು ಚುಚ್ಚಿದಷ್ಟೇ ಕಂಡರೂ, ನೋವು ಇಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಹೊಕ್ಕಿತೆಂದು ವೈದ್ಯರಿಗೆ ತಿಳಿಸಬೇಕು. ಎತ್ತಿ ನಿಲ್ಲಿಸಿದ ಟ್ರೇಲರಿನ ಕೆಳಗೆ ಗಟ್ಟಿಯಾದ ಆಧಾರವನ್ನು ಕೊಡದೆ ಯಾರೂ ನುಸುಳಬಾರದು. ಎರಡನೆಯ ಮಾತು ಬಳಸಿದ ಎಣ್ಣೆಯದು. ಮಲಪ್ರಭೆಯು ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದರ ನೀರನ್ನು ಕೆಳಗಿನ ಎಷ್ಟೋ ಊರುಗಳು ಕುಡಿಯುವವು. ಚರಂಡಿಗೋ ಹೊಲದ ಬದುವಿಗೋ ಸುರಿದ ಎಣ್ಣೆಯು ಮಳೆಯೊಡನೆ ಹೊಳೆಯನ್ನು ಸೇರುವುದು. ಅದನ್ನು ಡಬ್ಬಿಯಲ್ಲಿ ಕೂಡಿಟ್ಟು, ಬಳಸಿದ ಎಣ್ಣೆಯನ್ನು ಶುದ್ಧಿಗಾಗಿ ಕೊಳ್ಳುವ ಪರವಾನಗಿಯುಳ್ಳವರಿಗೆ ಒಪ್ಪಿಸುವುದು ಮೇಲು.