ಜಗಲಿಯ ದೂರವಾಣಿ

ಕೆಲವು ವರ್ಷಗಳ ಹಿಂದೆ ನಮ್ಮ ಹಳ್ಳಿಯಲ್ಲಿ ಯಾರ ಮನೆಯ ಗುಟ್ಟೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಇದಕ್ಕೆ ಕಾರಣ ಊರಿನವರ ಬಾಯಲ್ಲ, ಮನೆಗಳ ಗೋಡೆ. ಒಳಗೆ ಕುಳಿತು ಮೊಬೈಲಿನಲ್ಲಿ ಮಾತನಾಡುವುದು ಅಸಾಧ್ಯವಾದುದರಿಂದ, ಹೆಣ್ಣು ನೋಡಲು ಬರುವವರ ವಿಚಾರ, ಕೈಸಾಲದ ವಿಚಾರ, ಬೆಂಗಳೂರಿನಲ್ಲಿರುವ ಮಗ ಕೆಲಸ ಬಿಟ್ಟ ವಿಚಾರ, ಎಲ್ಲವೂ ಜಗಲಿಯ ಮೇಲೆ ಗಟ್ಟಿಯಾದ ದನಿಯಲ್ಲಿ ನಡೆಯತಕ್ಕದ್ದಾಗಿತ್ತು. ಕೇಳಬಾರದೆಂಬ ಸಂಕೋಚವುಳ್ಳವರು ಎದ್ದು ಒಳಕ್ಕೆ ಹೋಗುತ್ತಿದ್ದರು. ಅಂಥವರು ಬಹಳ ಮಂದಿ ಇರಲಿಲ್ಲ.

ಊರೆಂದರೆ ಹಳೇಬೀಡಿಗೂ ಬೇಲೂರಿಗೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕೆ ಸರಿದು, ಒಂದು ದಿಣ್ಣೆಯ ಮರೆಯಲ್ಲಿ ಕುಳಿತಿರುವ ನಲವತ್ತು ಮನೆಗಳ ಹಳ್ಳಿ. ನಾನು ಹುಟ್ಟಿದ್ದು ಅಲ್ಲಿ. ಅನ್ನಕ್ಕಾಗಿ ನೆಲಸಿದ್ದು ಅರಸೀಕೆರೆಯಲ್ಲಿ. ಅಲ್ಲಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತನಾದೆ. ತಾಯಿಯವರು ಮಾತ್ರ ಊರು ಬಿಟ್ಟು ಬರಲೊಲ್ಲರು. ಎಂಬತ್ತು ದಾಟಿದ ಮೇಲೂ, “ನಿಮ್ಮೂರಲ್ಲಿ ರೈಲಿನ ಸದ್ದು, ನನಗೆ ನಿದ್ದೆ ಬರುವುದಿಲ್ಲ” ಎಂಬುದೇ ಅವರ ಉತ್ತರ. ಆದುದರಿಂದ ತಿಂಗಳಿಗೆರಡು ಬಾರಿ ಬಾಣಾವರ, ಜಾವಗಲ್ಲುಗಳ ಮೇಲೆ ಹಳೇಬೀಡು ಮುಟ್ಟಿ ಊರಿಗೆ ಹೋಗಿಬರುವುದು, ಉಳಿದ ದಿನಗಳಲ್ಲಿ ಸಂಜೆ ಆರು ಗಂಟೆಗೆ ದೂರವಾಣಿಯಲ್ಲಿ ಮಾತನಾಡುವುದು, ಹೀಗೆ ವ್ಯವಸ್ಥೆಯಾಗಿತ್ತು. ಆರು ಗಂಟೆಗೆ ಅವರು ಜಗಲಿಯ ಮೇಲೆ ಕುಳಿತಿರುತ್ತಿದ್ದರು.

ನಮ್ಮದು ತೊಟ್ಟಿಯ ಮನೆ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳು, ಮೇಲೆ ಹಲಗೆ ಹಾಸಿ ಮಣ್ಣು ಮೆತ್ತಿದ ಅಟ್ಟ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮಳೆಗಾಲದಲ್ಲಿ ತೊಟ್ಟಿಯ ಕಲ್ಲುಗಳು ಪಾಚಿಗಟ್ಟಿ ಜಾರುತ್ತವೆಂದು 2019ರಲ್ಲಿ ನಾನು ಅದರ ಮೇಲೆ ಸತುವಿನ ತಗಡು ಹೊದಿಸಿದೆ. ತಾಯಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ. “ಆಕಾಶ ಕಾಣದ ಮನೆ ಮನೆಯೇನೋ ಮಗು?” ಎಂದರು. ನಾನು ನಕ್ಕೆ. ಲೋಹದ ಹಾಳೆ ರೇಡಿಯೊ ಅಲೆಗಳನ್ನು ಒಳಕ್ಕೆ ಬಿಡದೆ ಹಿಂದಕ್ಕೆ ಎಸೆಯುತ್ತದೆಂಬುದನ್ನು ಸಾವಿರಾರು ಮಕ್ಕಳಿಗೆ ಪಾಠ ಹೇಳಿದವನು ನಾನೇ. ಆದರೆ ಪಾಠ ಹೇಳಿದ ಬಾಯಿಗೂ ತಗಡು ಹೊದಿಸಿದ ಕೈಗೂ ಪರಿಚಯವೇ ಇದ್ದಂತೆ ಕಾಣಲಿಲ್ಲ. ಅಲ್ಲಿಯವರೆಗೆ ನಡುಮನೆಯಲ್ಲಿ ಅಷ್ಟಿಷ್ಟು ಕೇಳುತ್ತಿದ್ದ ದೂರವಾಣಿ ಅಂದಿನಿಂದ ಸಂಪೂರ್ಣವಾಗಿ ಮೂಕವಾಯಿತು.

2022ರ ಆಷಾಢದ ಒಂದು ರಾತ್ರಿ ತಾಯಿಯವರು ಬಚ್ಚಲಿನ ಹೊಸ್ತಿಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಫೋನು ಅವರ ಮಡಿಲಲ್ಲಿಯೇ ಇತ್ತು. ನನ್ನ ಸಂಖ್ಯೆಯನ್ನು ಹನ್ನೊಂದು ಸಲ ಒತ್ತಿದ್ದರೆಂದು ಆ ಫೋನೇ ಆಮೇಲೆ ಸಾಕ್ಷಿ ಹೇಳಿತು. ಒಂದು ಕರೆಯೂ ಗೋಡೆ ದಾಟಲಿಲ್ಲ. ಮಳೆಯ ಸದ್ದಿನಲ್ಲಿ ಕೂಗು ಬೀದಿಗೆ ಕೇಳಲಿಲ್ಲ. ಬೆಳಗ್ಗೆ ಹಾಲು ತರುವ ಹೆಂಗಸು, “ಅಜ್ಜಿ ಯಾಕೆ ಜಗಲಿಯ ಮೇಲೆ ಕಾಣಲಿಲ್ಲ?” ಎಂದು ಸಂಶಯಪಟ್ಟು, ನೆರೆಯವರನ್ನು ಕರೆದು ಹಿತ್ತಿಲ ಬಾಗಿಲನ್ನು ತೆಗೆಸಿದಳು. ಅರಸೀಕೆರೆಯಲ್ಲಿ ನಾನು ಆ ರಾತ್ರಿ ಚೆನ್ನಾಗಿ ನಿದ್ದೆಮಾಡಿದ್ದೆ. ಈ ಒಂದು ಮಾತನ್ನು ಬರೆಯುವುದು ಈಗಲೂ ಕಷ್ಟ.

ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎರಡು ತಿಂಗಳು ಅರಸೀಕೆರೆಯಲ್ಲಿದ್ದು, ಕೋಲು ಹಿಡಿದು ನಾಲ್ಕು ಹೆಜ್ಜೆ ಇಡಲು ಬಂದೊಡನೆಯೇ ತಾಯಿಯವರು ಊರಿಗೆ ಹೊರಟು ನಿಂತರು. ಅವರೊಡನೆ ಒಂದು ಹುಡುಗಿಯನ್ನು ಇರಿಸಿದೆ. ಅವರ ಮಂಚದವರೆಗೂ ದೂರವಾಣಿ ಕೇಳುವಂತೆ ಮಾಡಿಯೇ ತೀರುವೆನೆಂದು ಹಟ ತೊಟ್ಟೆ. ಕಂಪನಿಯೊಂದಕ್ಕೆ ಬರೆದೆ, “ತಮ್ಮ ಗ್ರಾಮದಲ್ಲಿ ಸಿಗ್ನಲ್ಲು ಇದೆ” ಎಂದು ಉತ್ತರ ಬಂದಿತು. ಅದು ಸುಳ್ಳೆನ್ನಲಾರೆ. ಫೋನಿನೊಳಗೆಯೇ ಸಿಗ್ನಲ್ಲಿನ ಬಲವನ್ನು ಅಂಕೆಯಲ್ಲಿ ತೋರಿಸುವ ಏರ್ಪಾಡು ಇದೆ. ಅದನ್ನು ಹಿಡಿದು ಮನೆಯನ್ನೆಲ್ಲ ಅಳೆದೆ. ಜಗಲಿಯ ಮೇಲೆ ಋಣ 95, ತಾಯಿಯವರ ಕೋಣೆಯಲ್ಲಿ ಋಣ 115. ಈ ಲೆಕ್ಕದಲ್ಲಿ ಅಂಕೆ ಮೂರು ಇಳಿದರೆ ಬಲ ಅರ್ಧವಾಗುತ್ತದೆ, ಹತ್ತು ಇಳಿದರೆ ಹತ್ತನೆಯ ಒಂದು ಪಾಲಾಗುತ್ತದೆ. ಎಂದರೆ ಜಗಲಿಗೆ ಬಂದ ನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಕೋಣೆಗೆ ಮುಟ್ಟುತ್ತಿತ್ತು. ಕಲ್ಕತ್ತೆಯಲ್ಲಿ 1895ರಲ್ಲಿ ಜಗದೀಶಚಂದ್ರ ಬೋಸರು ಅದೃಶ್ಯವಾದ ಅಲೆಗಳನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದರೆಂದು ಪ್ರತಿ ವರ್ಷವೂ ಪಾಠ ಹೇಳಿದವನ ಮನೆಯಲ್ಲಿ, ಮಗನ ಒಂದು ಮಾತು ಗೋಡೆ ದಾಟದೆ ನಿಂತಿತ್ತು.

ಅಂಗಡಿಯವನೊಬ್ಬನು ಬೂಸ್ಟರೆಂಬ ಪೆಟ್ಟಿಗೆಯನ್ನು ತೋರಿಸಿದನು. ಮನೆಯ ಹೊರಗೆ ಎತ್ತರದಲ್ಲಿ ಒಂದು ಆಂಟೆನಾ. ಅಲ್ಲಿಂದ ಒಂದು ತಂತಿ. ನಡುವೆ ಸಿಗ್ನಲ್ಲನ್ನು ಹಿಗ್ಗಿಸುವ ಪೆಟ್ಟಿಗೆ. ಒಳಗೆ ಇನ್ನೊಂದು ಆಂಟೆನಾ. ಟವರಿನ ಮಾತನ್ನು ಹೊರಗಿನದು ಕೇಳಿ ಒಳಗಿನದಕ್ಕೆ ಹೇಳುತ್ತದೆ, ಫೋನಿನ ಮಾತನ್ನು ಒಳಗಿನದು ಕೇಳಿ ಹೊರಗಿನದಕ್ಕೆ ಹೇಳುತ್ತದೆ. “ಲೈಸೆನ್ಸು ಬೇಡವೇನಪ್ಪ?” ಎಂದು ಕೇಳಿದೆ. “ಯಾರೂ ಕೇಳುವುದಿಲ್ಲ, ಸಾರ್” ಎಂದನು. ನಾನು ಕೇಳಿದುದಕ್ಕೂ ಅವನು ಹೇಳಿದುದಕ್ಕೂ ಇರುವ ಅಂತರ ನನಗೆ ತಿಳಿಯಲಿಲ್ಲವೆಂದರೆ ಅದು ಆತ್ಮವಂಚನೆ. ಹನ್ನೊಂದು ಸಲ ಒತ್ತಿದ ಸಂಖ್ಯೆ ಕಣ್ಣ ಮುಂದಿತ್ತು. ಕೊಂಡುಕೊಂಡು ಬಂದೆ.

ಹಿತ್ತಿಲಿನಲ್ಲಿ ಬಿದಿರಿನ ಗಳು ನೆಟ್ಟು ಆಂಟೆನಾ ಕಟ್ಟಿದೆ. ಒಳಗಿನದನ್ನು ತಾಯಿಯವರ ಕೋಣೆಯ ಕಿಟಕಿಯ ಬಳಿ ನಿಲ್ಲಿಸಿದೆ. ಫೋನಿನಲ್ಲಿ ಗೆರೆಗಳು ಒಂದೊಂದಾಗಿ ಎದ್ದುವು. ಮಂಚದ ಮೇಲಿನಿಂದಲೇ ತಾಯಿಯವರು ಬೆಂಗಳೂರಿನ ಮೊಮ್ಮಗಳೊಡನೆ ಮಾತನಾಡಿದರು. ಆ ದಿನ ನನಗಾದ ಸಂತೋಷವನ್ನು ಬಣ್ಣಿಸಲಾರೆ. ಅದರಲ್ಲಿ ಮಾತೃಭಕ್ತಿಯೆಷ್ಟು, ಮೇಷ್ಟರ ಜಂಬವೆಷ್ಟು ಎಂಬುದನ್ನು ವಾಚಕರೇ ಊಹಿಸಬಹುದು.

ಅದೇ ವಾರದಲ್ಲಿ ಬೀದಿಯವರು ಟವರನ್ನು ಬೈಯಲು ಮೊದಲು ಮಾಡಿದರು. ಜಗಲಿಯ ಮೇಲೆ ಸರಾಗವಾಗಿ ನಡೆಯುತ್ತಿದ್ದ ಮಾತು ತುಂಡುತುಂಡಾಗತೊಡಗಿತು. ಜನ ದಿಣ್ಣೆ ಹತ್ತಿ ಮಾತನಾಡಿ ಬರುತ್ತಿದ್ದರು. “ಮಳೆಗೆ ಏನೋ ಕೆಟ್ಟಿರಬೇಕು” ಎಂದರು. ನಾನೂ ಹಾಗೆಯೇ ಎಂದೆ. ನಮ್ಮ ಮನೆಯಲ್ಲಿ ಮಾತ್ರ ದೊರೆಯುತ್ತದೆಂಬ ಸುದ್ದಿ ಹಬ್ಬಿ, ಅವಸರದ ಕರೆಗೆ ಎಲ್ಲರೂ ನಮ್ಮ ನಡುಮನೆಗೆ ಬಂದರು. ತಾಯಿಯವರು ಎಲ್ಲರಿಗೂ ಮಜ್ಜಿಗೆ ಕೊಡಿಸಿದರು. ನಾವು ಪರೋಪಕಾರಿಗಳೆನಿಸಿಕೊಂಡೆವು.

ಕಾರ್ತಿಕದ ಒಂದು ರಾತ್ರಿ, ನಾನು ಊರಿನಲ್ಲಿದ್ದಾಗ, ಎರಡು ಗಂಟೆಯ ಹೊತ್ತಿಗೆ ಎದುರು ಮನೆಯ ಗೌಡರು ಬಾಗಿಲು ಬಡಿದರು. ಮೂರು ವರ್ಷದ ಮೊಮ್ಮಗನಿಗೆ ಜ್ವರ ಏರಿ ಸೆಳವು ಬಂದಿತ್ತು. ಮನೆಯ ನಾಲ್ಕು ಫೋನುಗಳಲ್ಲಿ ಒಂದೂ ಹತ್ತಲಿಲ್ಲವಂತೆ. ನಮ್ಮ ನಡುಮನೆಯಿಂದ 108ಕ್ಕೆ ಕರೆ ಹೋಯಿತು, ವಾಹನ ಬಂದಿತು, ಮಗು ಉಳಿಯಿತು. ಮೂರನೆಯ ದಿನ ಗೌಡರು ಪುಟ್ಟಬಾಳೆಯ ಒಂದು ಗೊನೆಯನ್ನು ಹೊತ್ತು ತಂದು, “ನಿಮ್ಮ ಮನೆ ಫೋನು ಇಲ್ಲದೇ ಹೋಗಿದ್ದರೆ ಏನು ಗತಿ, ಮೇಷ್ಟ್ರೇ” ಎಂದು ಕೈ ಮುಗಿದರು. ಗೊನೆಯನ್ನು ನಡುಮನೆಯ ತೊಲೆಗೆ ಕಟ್ಟಿದೆವು.

ಆ ಮಾತು ನನ್ನನ್ನು ಬಿಡಲಿಲ್ಲ. ನಾಲ್ಕು ಫೋನುಗಳು ಏಕೆ ಹತ್ತಲಿಲ್ಲ? ಮಾರನೆಯ ಬೆಳಗ್ಗೆ ಯಾರಿಗೂ ಹೇಳದೆ ಬೂಸ್ಟರಿನ ವಿದ್ಯುತ್ತನ್ನು ನಿಲ್ಲಿಸಿ, ಜಗಲಿಯ ಮೇಲೆ ಹೋಗಿ ಕುಳಿತೆ. ಹತ್ತು ನಿಮಿಷದೊಳಗೆ ಎದುರು ಜಗಲಿಯಲ್ಲಿ ಗೌಡರ ಸೊಸೆ ತವರಿನೊಡನೆ ಸರಾಗವಾಗಿ ಮಾತನಾಡುತ್ತಿದ್ದಳು. ಹಾಕಿದೆ, ಮಾತು ಕಡಿದುಹೋಯಿತು. ಮತ್ತೆ ನಿಲ್ಲಿಸಿದೆ, ಕೂಡಿಕೊಂಡಿತು. ಮೂರನೆಯ ಸಲ ಪರೀಕ್ಷೆ ಮಾಡುವ ಧೈರ್ಯ ಬರಲಿಲ್ಲ.

ಕಾರಣ ಗಹನವಾದುದಲ್ಲ. ಜಾತ್ರೆಯಲ್ಲಿ ಧ್ವನಿವರ್ಧಕದ ಎದುರಿಗೇ ಮೈಕು ಹಿಡಿದರೆ ಅದು ಕಿವಿ ಹರಿಯುವಂತೆ ಕೀರಲಿಡುವುದನ್ನು ಎಲ್ಲರೂ ಕೇಳಿದ್ದಾರೆ. ನನ್ನ ಎರಡು ಆಂಟೆನಾಗಳು ಒಂದಕ್ಕೊಂದು ತೀರ ಹತ್ತಿರದಲ್ಲಿದ್ದುವು. ಹೊರಗಿನದರ ದನಿಯನ್ನು ಒಳಗಿನದು ಕೇಳಿ, ಪೆಟ್ಟಿಗೆ ಅದನ್ನೇ ಮತ್ತೆ ಹಿಗ್ಗಿಸಿ, ಹಿಗ್ಗಿದುದನ್ನು ಮತ್ತೆ ಕೇಳಿ, ಹಗಲಿರುಳೂ ಟವರಿನ ಕಡೆಗೆ ಕೂಗುತ್ತಿತ್ತು. 4ಜಿ ಫೋನೊಂದರ ಶಕ್ತಿ ಹೆಚ್ಚೆಂದರೆ ಒಂದು ವಾಟಿನ ಐದನೆಯ ಒಂದು ಪಾಲು. ದೂರದ ಟವರು ಆ ಸಣ್ಣ ದನಿಯನ್ನು ಹೇಗೋ ಆಲಿಸುತ್ತಿದ್ದುದು, ನನ್ನ ಕೂಗಿನಿಂದ ಕಿವುಡಾಯಿತು. ಬಲವುಳ್ಳ ನಮ್ಮ ದನಿಯೊಂದೇ ಅದಕ್ಕೆ ಕೇಳುತ್ತಿತ್ತು.

ನಮ್ಮ ತಂದೆಯವರ ನೆನಪು ಬಂದಿತು. ನಾನು ಚಿಕ್ಕವನಾಗಿದ್ದಾಗ ಅವರು ಒಂದು ರೇಡಿಯೊ ತಂದು, ಹಿತ್ತಿಲಿನಲ್ಲಿ ಎರಡು ಗಳುಗಳ ನಡುವೆ ಏರಿಯಲ್ ತಂತಿ ಕಟ್ಟಿದ್ದರು. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಪ್ರಸಾರಮಾಡಿದ ಕಥೆಯನ್ನು ಅದರ ಮುಂದೆ ಕುಳಿತೇ ಅವರು ಹೇಳಿದ್ದು. ಆ ರೇಡಿಯೊ ಕೇಳುವುದಲ್ಲದೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಆದರೂ ತಂದೆಯವರು ವರ್ಷ ವರ್ಷ ಅಂಚೆಕಚೇರಿಗೆ ಹೋಗಿ ಅದರ ಲೈಸೆನ್ಸಿನ ಹಣ ಕಟ್ಟಿ ಬರುತ್ತಿದ್ದರು. 1933ರ ವೈರ್‌ಲೆಸ್ ಕಾಯಿದೆಯಿಂದ ಮೊದಲ್ಗೊಂಡು 2023ರ ದೂರಸಂಪರ್ಕ ಅಧಿನಿಯಮದವರೆಗೆ ಕಾನೂನಿನ ಮಾತು ಒಂದೇ: ಅನುಮತಿಯಿಲ್ಲದೆ ಇಂಥ ಉಪಕರಣವನ್ನು ಇಟ್ಟುಕೊಳ್ಳಕೂಡದು. ಅಗತ್ಯವಾದರೆ ಸೇವೆ ಕೊಡುವ ಕಂಪನಿಯವರು ಕ್ರಮವಾಗಿ ಇಡಬೇಕೇ ಹೊರತು, ನಾವು ಅಂಗಡಿಯಿಂದ ತಂದು ಇಡತಕ್ಕದ್ದಲ್ಲ. ಕೇಳುವ ಪೆಟ್ಟಿಗೆಗೆ ತಂದೆ ಲೈಸೆನ್ಸು ಕಟ್ಟಿದರು. ಕೂಗುವ ಪೆಟ್ಟಿಗೆಯನ್ನು ಮಗ ಕದ್ದು ಇಟ್ಟನು.

ನಮ್ಮ ಸೀಮೆಯವರಿಗೆ ಈ ನ್ಯಾಯವನ್ನು ಕಾಯಿದೆಯೇ ಕಲಿಸಬೇಕಾಗಿಲ್ಲ. ಅರಸೀಕೆರೆಯೆಂಬುದು ಅರಸಿಯ ಕೆರೆ. ಹಳೇಬೀಡಿನ ಹಿಂದಿನ ಹೆಸರಾದ ದ್ವಾರಸಮುದ್ರವೂ ಕೆರೆಯಿಂದಲೇ ಬಂದುದು. ಕೆರೆಯ ಕೆಳಗೆ ಬಾಳಿದವರಿಗೆ ತೂಬಿನ ಮರ್ಯಾದೆ ಗೊತ್ತು. ನೀರುಗಂಟಿ ಸರದಿಯಂತೆ ನೀರು ಬಿಡುತ್ತಿದ್ದನು. ರಾತ್ರಿ ಕದ್ದು ತನ್ನ ಗದ್ದೆಗೆ ಕಾಲುವೆ ಒಡೆದುಕೊಂಡವನ ಪೈರು ಹಸುರಾಗಿರುತ್ತಿತ್ತು. ಕೊನೆಯ ಗದ್ದೆ ಒಣಗುತ್ತಿತ್ತು. ಅಂಥವನನ್ನು ಊರು ಕಳ್ಳನೆಂದೇ ಕರೆಯುತ್ತಿತ್ತು, ಅವನ ಮನೆಯಲ್ಲಿ ಎಷ್ಟೇ ಕಷ್ಟವಿರಲಿ. ನಾನು ಒಡೆದುಕೊಂಡ ಕಾಲುವೆ ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮೇಲಾಗಿ, ಒಣಗಿದ ಗದ್ದೆಯವನೇ ಬಂದು ನನಗೆ ಬಾಳೆಗೊನೆ ಕೊಟ್ಟು ಕೈ ಮುಗಿದಿದ್ದನು.

ಗೊನೆಯ ಹಣ್ಣು ಒಂದೊಂದೇ ಹಳದಿಯಾಗುತ್ತಿತ್ತು. ಎರಡು ದಿನ ನೋಡಿ, ಮೂರನೆಯ ದಿನ ಎದುರು ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿಬಿಟ್ಟೆ. ಗೌಡರಿಗೆ ಮೊದಲು ಅರ್ಥವಾಗಲಿಲ್ಲ. ನೀರುಗಂಟಿಯ ಮಾತು ಹೇಳಿದ ಮೇಲೆ ಅರ್ಥವಾಯಿತು. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಆ ರಾತ್ರಿ ನೀವು ಊರಲ್ಲಿ ಇಲ್ಲದೇ, ಅಮ್ಮಾವ್ರು ಬಾಗಿಲು ತೆಗೆಯೋಕೆ ಆಗದೇ ಹೋಗಿದ್ದರೆ, ಮೇಷ್ಟ್ರೇ?” ಎಂದು ಕೇಳಿದರು. ಕೋಪದಿಂದ ಕೇಳಿದ್ದರೆ ಏನಾದರೂ ಹೇಳಬಹುದಾಗಿತ್ತು. ನಾನು ತಲೆ ತಗ್ಗಿಸಿ ಬಂದೆ. ಅಂದೇ ಗಳು ಇಳಿಸಿದೆ.

ಆಮೇಲೆ ಮಾಡಿದ ಕೆಲಸವನ್ನು ಮೊದಲೇ ಮಾಡಬಹುದಾಗಿತ್ತು. ತೊಟ್ಟಿಯ ಮೇಲಿನ ತಗಡನ್ನು ತೆಗೆಸಿ, ಬೆಳಕು ಬೀಳುವ ಫೈಬರ್ ಹಾಳೆ ಹಾಕಿಸಿದೆ. ಇದು ಮಳೆಯನ್ನು ತಡೆಯುತ್ತದೆ, ಅಲೆಯನ್ನು ತಡೆಯುವುದಿಲ್ಲ. ನಡುಮನೆಯಲ್ಲಿ ಫೋನು ಮತ್ತೆ ಪಿಸುಗುಟ್ಟಿತು. ಕೋಣೆಗಾಗಿ, ಹಳೇಬೀಡಿನ ಕಡೆಯಿಂದ ಬರುವ ಫೈಬರ್ ತಂತಿಯ ಇಂಟರ್‌ನೆಟ್ಟನ್ನು ಊರಿನ ಆರು ಮನೆಯವರು ಕೂಡಿ ತರಿಸಿಕೊಂಡೆವು. ವೈಫೈಯ ಮೂಲಕವೇ ಸಾಧಾರಣ ಕರೆ ಮಾಡುವ ಸೌಕರ್ಯ ನಮ್ಮ ದೇಶದಲ್ಲಿ 2019ರ ಕೊನೆಯಿಂದ ಇದೆ. ಫೋನಿನಲ್ಲಿ ಒಂದು ಗುಂಡಿಯನ್ನು ಸರಿಸಿದರಾಯಿತು. ಗೋಡೆಯೊಳಕ್ಕೆ ತಂತಿಯೇ ಬರುವುದರಿಂದ ಟವರಿನ ಮೇಲೆ ಯಾರೂ ಕೂಗಬೇಕಾಗಿಲ್ಲ. ವಿದ್ಯುತ್ತು ಹೋದಾಗಲೂ ನಿಲ್ಲದಿರಲೆಂದು ಒಂದು ಸಣ್ಣ ಬ್ಯಾಟರಿ ಇರಿಸಿದೆ. ಪೆಟ್ಟಿಗೆಯನ್ನು ಬೀದಿಯ ಕಡೆಯ ಕಿಟಕಿಯ ಬಳಿ ಇಟ್ಟು, ಅದರ ಗುಪ್ತಪದವನ್ನು ಗೌಡರ ಮನೆಗೆ ನಾನೇ ಬರೆದುಕೊಟ್ಟೆ.

ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ, ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳೊಡನೆ ಮಾತನಾಡುತ್ತ ಬಂದಿದೆ. ಅದೇ ಜಿಲ್ಲೆಯಲ್ಲಿ ತಾಯಿಯ ಕೂಗು ಒಂದೂವರೆ ಮೊಳದ ಗೋಡೆಯನ್ನು ದಾಟಲಿಲ್ಲವಲ್ಲಾ ಎಂದು ಮೊದಲು ಬಹಳ ಕಟುವಾಗಿ ಯೋಚಿಸುತ್ತಿದ್ದೆ. ಈಗ ಅಷ್ಟು ಕಟುವಾಗಿ ಹೇಳಲಾರೆ; ತಗಡು ಹೊದಿಸಿದವನು ನಾನು.

ಹೋದ ತಿಂಗಳು ಊರಿಗೆ ಹೋದಾಗ, ಸಂಜೆ ಆರು ಗಂಟೆಗೆ ತಾಯಿಯವರು ಕೋಲೂರಿಕೊಂಡು ಜಗಲಿಗೆ ಬಂದು ಕುಳಿತು, ಮೊಮ್ಮಗಳೊಡನೆ ಬೀದಿಗೆಲ್ಲ ಕೇಳುವಂತೆ ಮಾತನಾಡುತ್ತಿದ್ದರು.

“ಈಗ ಒಳಗೇ ಕೇಳುತ್ತದಲ್ಲಮ್ಮ, ಇಷ್ಟು ಕಷ್ಟಪಟ್ಟು ಹೊರಗೇಕೆ ಬರುತ್ತೀರಿ?” ಎಂದೆ.

“ಕೇಳುತ್ತೆ ಮಗು, ಚೆನ್ನಾಗಿ ಕೇಳುತ್ತೆ. ಆದರೆ ಒಳಗೇ ಕೂತು ಮಾತಾಡಿಬಿಟ್ಟರೆ, ನಾನು ಇದ್ದೀನಿ ಅಂತ ಬೀದಿಗೆ ಹೇಗೆ ಗೊತ್ತಾಗಬೇಕು?” ಎಂದು ಹೇಳಿ, ಎದುರು ಜಗಲಿಯಲ್ಲಿ ಆಡುತ್ತಿದ್ದ ಗೌಡರ ಮೊಮ್ಮಗನನ್ನು ಕೈಸನ್ನೆ ಮಾಡಿ ಕರೆದರು.